ಮುಖಕ್ಕೊಪ್ಪುವ ಗವಸು
(ಕೃಷಿಕರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ತೋಟಗಳಲ್ಲಿ ಮೊದಲು ಗವಸು ತೊಟ್ಟದ್ದು ಮನುಷ್ಯನ ಮುಖವಲ್ಲ, ಅಡಿಕೆಯ ಕೊನೆ. ಮಳೆಗಾಲ ಹಿಡಿಯುವ ಮುನ್ನ ಕೊನೆಕೊನೆಗೂ ಕೊಟ್ಟೆ ಕಟ್ಟಿ ಕೊಳೆರೋಗದಿಂದ ಫಸಲನ್ನು ಕಾಯುವ ಪದ್ಧತಿ ಇಲ್ಲಿ ಬಹು ಹಿಂದಿನಿಂದ ಇತ್ತು. 1910ರ ಸುಮಾರಿಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ ಬೋರ್ಡೋ ದ್ರಾವಣದ ಸಿಂಪರಣೆಯನ್ನು ಸೂಚಿಸಿದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು: ಈ ಲೆಕ್ಕ ಇಂದು ತೋಟದ ಮನೆಯ ಮಕ್ಕಳಿಗೂ ಬಾಯಿಪಾಠ. ಹೀಗೆ ಕೊನೆಗೆ ರಕ್ಷಣೆ ದೊರೆಯಿತು. ಆದರೆ ಮರವೇರಿ ಆ ಔಷಧಿಯನ್ನು ಹೊಡೆಯುವ ಕೊನೆಗೌಡನ ಮೂಗಿಗೆ ಒಂದು ಶತಮಾನ ಕಳೆದ ಮೇಲೂ ಇರುವುದು ಹೆಗಲ ಮೇಲಿನ ಟವೆಲ್ಲಿನ ತುದಿ ಮಾತ್ರ.

ಟವೆಲ್ಲಿನ ತುದಿ ಏಕೆ ಸಾಲದು ಎಂಬುದನ್ನು ಮೊದಲು ನೋಡಬೇಕು. ಬರಿಗಣ್ಣಿಗೆ ಕಾಣುವ ಧೂಳು ಬಹುಮಟ್ಟಿಗೆ ಮೂಗಿನ ಕೂದಲು ಹಾಗೂ ಗಂಟಲಿನ ಲೋಳೆಯಲ್ಲಿ ಸಿಕ್ಕಿಬೀಳುತ್ತದೆ. ಸೀನು, ಕೆಮ್ಮು, ಕಫಗಳ ಮೂಲಕ ದೇಹವೇ ಅದನ್ನು ಹೊರದಬ್ಬುತ್ತದೆ. ಹೆಚ್ಚಿನ ಅಪಾಯವಿರುವುದು ಕಾಣದ ಕಣದಲ್ಲಿ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, ಎರಡೂವರೆ ಮೈಕ್ರಾನಿಗಿಂತ ಸಣ್ಣ ಕಣಗಳು ಶ್ವಾಸಕೋಶದ ತುತ್ತತುದಿಯ ಗಾಳಿಚೀಲಗಳವರೆಗೆ ಇಳಿಯಬಲ್ಲವು. ಒಲೆಯ ಹೊಗೆ, ಸಿಂಪರಣೆಯ ಮಂಜು ಆವಿಯಾಗಿ ಉಳಿಯುವ ಪುಡಿ, ಬೂಷ್ಟು ಹಿಡಿದ ಬೈಹುಲ್ಲಿನಿಂದ ಏಳುವ ಬೀಜಕಣ, ಚಿರೆಕಲ್ಲು ಕೊರೆಯುವ ಯಂತ್ರದ ಕೆಂಧೂಳಿನ ನುಣುಪಾದ ಭಾಗ, ಇವೆಲ್ಲ ಈ ಗುಂಪಿಗೆ ಸೇರಿದವು. ಬಟ್ಟೆಯ ನೂಲುಗಳ ನಡುವಣ ಕಂಡಿ ಇವುಗಳ ಪಾಲಿಗೆ ಹೆಬ್ಬಾಗಿಲು. ಬಟ್ಟೆಯನ್ನು ಒದ್ದೆ ಮಾಡಿ ಕಟ್ಟಿದರೆ ಉಸಿರು ಕಟ್ಟೀತೇ ಹೊರತು ಆ ಬಾಗಿಲು ಮುಚ್ಚುವುದಿಲ್ಲ; ಉಸಿರು ಬದಿಯಿಂದ ದಾರಿ ಹುಡುಕಿಕೊಳ್ಳುತ್ತದೆ.

1969ರಲ್ಲಿ ಪೋರ್ಚುಗಲ್ ದೇಶದ ಇಬ್ಬರು ವೈದ್ಯರು ಅಲ್ಲಿನ ದ್ರಾಕ್ಷಿತೋಟದ ಸಿಂಪರಣೆಗಾರರಲ್ಲಿ ಕಂಡುಬಂದ ಶ್ವಾಸಕೋಶದ ಕಾಯಿಲೆಯೊಂದನ್ನು ವರ್ಣಿಸಿದರು. ವರ್ಷವರ್ಷವೂ ಬೋರ್ಡೋ ದ್ರಾವಣವನ್ನು ಹೊಡೆದವರ ಶ್ವಾಸಕೋಶದಲ್ಲಿ ಗಂಟುಗಳಾಗಿದ್ದವು. ಆ ಗಂಟುಗಳಲ್ಲಿ ತಾಮ್ರ ಕುಳಿತಿತ್ತು. ವೈದ್ಯಶಾಸ್ತ್ರದಲ್ಲಿ ಅದಕ್ಕೆ ದ್ರಾಕ್ಷಿತೋಟದ ಸಿಂಪರಣೆಗಾರರ ಶ್ವಾಸಕೋಶವೆಂದೇ ಹೆಸರಾಯಿತು. ದ್ರಾಕ್ಷಿಗೂ ಅಡಿಕೆಗೂ ಸಂಬಂಧವಿಲ್ಲವೆಂದು ಹೇಳಬಹುದು. ಆದರೆ ದ್ರಾವಣವೊಂದೇ, ಶ್ವಾಸಕೋಶವೂ ಒಂದೇ. ಬೋರ್ಡೋ ಸಾವಯವ ಕೃಷಿಯಲ್ಲಿಯೂ ಮಿತಿಯೊಳಗೆ ಸಲ್ಲುವ ಔಷಧಿ, ಆದುದರಿಂದ ನಿರಪಾಯ ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಎಲೆಯ ಮೇಲೆ ಕುಳಿತ ತಾಮ್ರಕ್ಕೂ ಎದೆಯೊಳಗೆ ಕುಳಿತ ತಾಮ್ರಕ್ಕೂ ವ್ಯತ್ಯಾಸವಿದೆ.

ಇನ್ನು ಆಯ್ಕೆಯ ವಿಚಾರ. 2020ರ ಕೊರೊನಾ ಕಾಲದಲ್ಲಿ ಎನ್-95 ಎಂಬ ಹೆಸರು ಮನೆಮಾತಾಯಿತು. ಅತಿ ಸುಲಭವಾಗಿ ನುಸುಳಬಲ್ಲ ಸುಮಾರು 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 95ನ್ನಾದರೂ ತಡೆಯುವ, ಎಣ್ಣೆಯ ಅಂಶಕ್ಕೆ ನಿಲ್ಲದ ಸೋಸುಗವಸು ಎಂಬುದು ಅದರ ಅರ್ಥ. ಯುರೋಪಿನ ಹಾಗೂ ಭಾರತದ ಐಎಸ್ 9473 ಮಾನಕದ ಎಫ್‌ಎಫ್‌ಪಿ-2 ದರ್ಜೆಯದು ನೂರಕ್ಕೆ 94. ಇದರ ಮರ್ಮವಿರುವುದು ನೇಯ್ಗೆಯಲ್ಲಲ್ಲ. ಎಳೆಗಳಲ್ಲಿ ಹುದುಗಿಸಿಟ್ಟ ಸ್ಥಾಯೀ ವಿದ್ಯುದಂಶದಲ್ಲಿ. ಉಣ್ಣೆಗೆ ಉಜ್ಜಿದ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಈ ಎಳೆಗಳು ಕಣವನ್ನು ಸೆಳೆದು ಹಿಡಿಯುತ್ತವೆ. ಸಾಬೂನು ಹಾಕಿ ಒಗೆದರೆ, ಸ್ಪಿರಿಟ್ ಸಿಂಪಡಿಸಿದರೆ ಆ ಅಂಶ ನಷ್ಟವಾಗುತ್ತದೆ. ಗವಸಿನ ಆಕಾರ ಉಳಿಯುತ್ತದೆ, ಗುಣ ಹೋಗುತ್ತದೆ. ಮಲೆನಾಡಿನ ಅನೇಕ ಮನೆಗಳ ಹಗ್ಗದ ಮೇಲೆ ಆ ಕಾಲದಲ್ಲಿ ಒಗೆದು ಒಣಹಾಕಿದ್ದ ಎನ್-95ಗಳು ಹೀಗೆ ನಿರ್ಜೀವವಾದವುಗಳೇ ಆಗಿದ್ದವು.

ನಿತ್ಯದ ಬಳಕೆಗೆ, ಅದರಲ್ಲಿಯೂ ಮಣ್ಣು, ನೀರು, ಬೆವರುಗಳ ನಡುವಣ ಕೆಲಸಕ್ಕೆ, ಮರುಬಳಕೆಯ ಅರೆಮುಖ ಶ್ವಾಸರಕ್ಷಕ ಮೇಲು. ಮೂಗಿನ ದಂಡೆಯಿಂದ ಗದ್ದದ ಅಡಿಯವರೆಗೆ ಮುಚ್ಚುವ ರಬ್ಬರಿನ ಅಥವಾ ಸಿಲಿಕೋನಿನ ಬಟ್ಟಲು, ಎರಡು ಕೆನ್ನೆಗಳ ಬಳಿ ಬದಲಾಯಿಸಬಹುದಾದ ಶೋಧಕಗಳು, ನಡುವೆ ಉಸಿರು ಹೊರಹೋಗುವ ಕವಾಟ: ಇಷ್ಟೇ ಅದರ ರಚನೆ. ಬಟ್ಟಲನ್ನು ತೊಳೆಯಬಹುದು, ವರ್ಷಗಟ್ಟಲೆ ಬಾಳುತ್ತದೆ. ಸಿಲಿಕೋನಿನದು ದುಬಾರಿ, ಆದರೆ ಮೃದು, ಬಿಸಿಲಿಗೂ ಬೆವರಿಗೂ ಬೇಗ ಬಿರಿಯುವುದಿಲ್ಲ. ಇದಕ್ಕೆ ಹೊಂದುವ ಪಿ-100 ಎಂಬ ಶೋಧಕ ನೂರಕ್ಕೆ 99.97ರಷ್ಟು ಕಣಗಳನ್ನು ತಡೆಯುತ್ತದೆ. ಯುರೋಪಿನ ಪಿ-3 ದರ್ಜೆಯದು 99.95. ಎಣ್ಣೆ ಮಿಶ್ರಿತ ಮಂಜಿಗೂ ಪಿ-100 ನಿಲ್ಲುತ್ತದೆ. ರಬ್ಬರ್ ತೋಟಗಳಲ್ಲಿ ತಾಮ್ರದ ಆಕ್ಸಿಕ್ಲೋರೈಡನ್ನು ಖನಿಜತೈಲದಲ್ಲಿ ಕಲಸಿ ಹೊಡೆಯುವವರಿಗೆ ಈ ಭೇದ ಬಹು ಮುಖ್ಯ. ಅಲ್ಲಿ ಎನ್ ದರ್ಜೆಯದು ಸಲ್ಲದು.

ಆದರೆ ಅಂಗಡಿಗೆ ಹೋದವರು 95ಕ್ಕಿಂತ 99.97 ದೊಡ್ಡದೆಂದು ಬಗೆದು ಅಷ್ಟಕ್ಕೇ ತೃಪ್ತರಾಗಿ ಮರಳುವುದು ದೊಡ್ಡ ತಪ್ಪು. ಅಮೆರಿಕದ ಕಾರ್ಮಿಕ ಸುರಕ್ಷತೆಯ ನಿಯಮಗಳಲ್ಲಿ ಒಂದು ಕುತೂಹಲದ ಸಂಗತಿಯಿದೆ. ಎನ್-95ಕ್ಕೂ ಪಿ-100 ಜೋಡಿಸಿದ ಅರೆಮುಖ ಗವಸಿಗೂ ಅವರು ಕೊಟ್ಟಿರುವ ರಕ್ಷಣಾಂಕ ಒಂದೇ, 10. ಎಂದರೆ ಒಳಗಿನ ಗಾಳಿಯಲ್ಲಿ ಕಣಗಳ ಪ್ರಮಾಣ ಹೊರಗಿನ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆಂದು ಮಾತ್ರ ನಂಬಬಹುದು. ಶೋಧಕ ಹತ್ತು ಸಾವಿರದಲ್ಲಿ ಮೂರು ಕಣ ಬಿಡುವಾಗ ಗವಸು ಹತ್ತರಲ್ಲಿ ಒಂದನ್ನು ಬಿಡಬಹುದೆಂಬ ಲೆಕ್ಕವೇಕೆ? ಉಳಿದವು ಶೋಧಕದ ಮೂಲಕ ಬರುವುದಿಲ್ಲ. ಅವು ಕೆನ್ನೆ, ಗದ್ದ, ಮೂಗಿನ ಇಕ್ಕೆಲಗಳ ಸಂದಿನಿಂದ ಬರುತ್ತವೆ. ಗದ್ದೆಯ ಬದುವಿನಲ್ಲಿ ಏಡಿ ತೋಡಿದ ಬಿಲವೊಂದಿದ್ದರೆ ತೂಬು ಎಷ್ಟು ಭದ್ರವಾಗಿದ್ದರೇನು? ಆದುದರಿಂದ ಗವಸನ್ನು ಆರಿಸುವಾಗ ಮೊದಲು ನೋಡತಕ್ಕದ್ದು ಶೋಧಕವನ್ನಲ್ಲ, ಅದನ್ನು ತೊಡುವ ಮುಖವನ್ನು.

ಮುಖಗಳು ಒಂದೇ ಬಗೆಯವಲ್ಲ. ತಯಾರಕರು ಸಾಮಾನ್ಯವಾಗಿ ಸಣ್ಣ, ಮಧ್ಯಮ, ದೊಡ್ಡ ಎಂಬ ಮೂರು ಅಳತೆಗಳನ್ನು ಮಾಡುತ್ತಾರೆ. ಪೇಟೆಯ ಅಂಗಡಿಗಳು ಮಧ್ಯಮವೊಂದನ್ನೇ ತರಿಸಿಡುತ್ತವೆ. ಸಣ್ಣ ಮುಖದ ಹೆಂಗಸರಿಗೆ, ಕೆನ್ನೆ ಬತ್ತಿದ ಹಿರಿಯರಿಗೆ ಅದು ಹೊಂದುವ ಸಂಭವ ಕಡಿಮೆ. ತೊಟ್ಟು ನೋಡದೆ ಕೊಳ್ಳಬಾರದು, ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಲೂ ಬಾರದು. ತೊಟ್ಟಾಗ ಪಟ್ಟಿಯೊಂದು ನೆತ್ತಿಯ ಮೇಲೆ, ಇನ್ನೊಂದು ಕುತ್ತಿಗೆಯ ಹಿಂದೆ ಬರಬೇಕು. ತಲೆಯ ಪಟ್ಟಿ ಹಾಳೆಟೊಪ್ಪಿಯ ಅಡಿಯಲ್ಲಿರತಕ್ಕದ್ದು. ಟೊಪ್ಪಿಯ ಮೇಲೆ ಕಟ್ಟಿದರೆ ಟೊಪ್ಪಿ ಜಾರಿದಾಗ ಗವಸೂ ಜಾರುತ್ತದೆ. ಕಿವಿಗೆ ಸಿಕ್ಕಿಸುವ ಬಗೆಯವು ಬಿಗಿಯಾಗಿ ಕೂರುವುದು ಅಪರೂಪ.

ಕೂರಿಸಿದ ಮೇಲೆ ಎರಡು ಪರೀಕ್ಷೆಗಳುಂಟು. ಎರಡೂ ಶೋಧಕಗಳನ್ನು ಅಂಗೈಗಳಿಂದ ಮುಚ್ಚಿ ಮೆಲ್ಲನೆ ಉಸಿರೆಳೆದರೆ ಬಟ್ಟಲು ಮುಖಕ್ಕೆ ಅಂಟಿಕೊಂಡು ಹತ್ತು ಸೆಕೆಂಡು ಹಾಗೆಯೇ ನಿಲ್ಲಬೇಕು. ಕವಾಟವನ್ನು ಮುಚ್ಚಿ ಉಸಿರು ಬಿಟ್ಟರೆ ಬಟ್ಟಲು ತುಸು ಉಬ್ಬಬೇಕು, ಅಂಚಿನಿಂದ ಗಾಳಿ ಸೂಸಬಾರದು. ಪ್ರತಿ ಬಾರಿ ತೊಡುವಾಗಲೂ ಇದನ್ನು ಮಾಡಬೇಕು. ಅರ್ಧ ನಿಮಿಷದ ಕೆಲಸ. ಊದಿನಕಡ್ಡಿ ಹಚ್ಚಿ ವಾಸನೆ ಬಂದಿತೆಂದು ಗವಸನ್ನು ದೂರುವವರಿದ್ದಾರೆ. ಅದು ಸರಿಯಾದ ಪರೀಕ್ಷೆಯಲ್ಲ. ವಾಸನೆ ಅನಿಲರೂಪದ್ದು, ಕಣದ ಶೋಧಕ ಅದನ್ನು ತಡೆಯುವುದೇ ಇಲ್ಲ. ವಿಧಿವತ್ತಾದ ಪರೀಕ್ಷೆಯಲ್ಲಿ ತಲೆಗೆ ಮುಸುಕು ಹಾಕಿ ಸ್ಯಾಕರಿನ್ನಿನ ಸಿಹಿಮಂಜನ್ನೋ ಕಹಿ ದ್ರವ್ಯದ ಮಂಜನ್ನೋ ಬಿಟ್ಟು, ನಾಲಿಗೆಗೆ ರುಚಿ ತಟ್ಟುವುದೇ ಎಂದು ಕೇಳುತ್ತಾರೆ. ಆಗ ಓದಿಸುತ್ತಾರೆ, ತಲೆ ಆಚೀಚೆ ತಿರುಗಿಸಿ ಬಗ್ಗಿಸುತ್ತಾರೆ. ಕೆಲಸದಲ್ಲಿ ಯಾರೂ ಶಿಲೆಯಂತೆ ನಿಂತಿರುವುದಿಲ್ಲವಷ್ಟೆ.

ಗಡ್ಡದ ಮಾತು ಕೆಲವರಿಗೆ ಬೇಸರ ತರಬಹುದು. ಅಂಚು ಕೂರುವ ಜಾಗದಲ್ಲಿ ಎರಡು ದಿನದ ಕೂದಲಿದ್ದರೂ ಮುದ್ರೆ ಕೆಡುತ್ತದೆ. ಮೀಸೆ ಬಟ್ಟಲಿನ ಒಳಗೇ ಅಡಗುವುದಾದರೆ ಅಡ್ಡಿಯಿಲ್ಲ. ಗಡ್ಡವನ್ನು ವ್ರತವಾಗಿಯೋ ಧರ್ಮವಾಗಿಯೋ ಬಿಟ್ಟವರಿಗೆ ಬಿಗಿಮುದ್ರೆ ಬೇಡದ, ಬ್ಯಾಟರಿಯ ಬೀಸಣಿಗೆಯಿಂದ ಶುದ್ಧ ಗಾಳಿ ಊದುವ ಮುಸುಕುಗಳಿವೆ. ಬೆಲೆ ಮಾತ್ರ ಸಣ್ಣ ಹಿಡುವಳಿದಾರನ ಕೈಗೆ ಎಟುಕುವಂಥದ್ದಲ್ಲ.

ಎತ್ತರದ ಮರದಲ್ಲಿ ತೊಡೆಗೆ ಮರ ಸಿಕ್ಕಿಸಿ ನಿಂತವನಿಗೆ ಕೆಳಗಿನ ನೋಟ ಪ್ರಾಣದಷ್ಟೇ ಮುಖ್ಯ. ದಪ್ಪ ಡಬ್ಬಿಯಂಥ ಶೋಧಕಗಳು ಆ ನೋಟವನ್ನು ಮರೆಮಾಡುತ್ತವೆ. ಅಂಥವನಿಗೆ ಚಪ್ಪಟೆಯಾದ, ಹಪ್ಪಳದಂಥ ಕಣಶೋಧಕಗಳನ್ನೇ ಆರಿಸಬೇಕು; ಉಸಿರಿನ ಶ್ರಮವೂ ಅದರಲ್ಲಿ ಕಡಿಮೆ. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಸಿಂಪಡಿಸುವುದು ಸಾಧ್ಯವಾಗಿದೆ. ಬೀಳುವ ಭಯ ತಪ್ಪಿತು. ಆದರೆ ಕತ್ತೆತ್ತಿ ನಿಂತವನ ಮುಖದ ಮೇಲೆಯೇ ಹನಿ ಇಳಿಯುತ್ತದೆ, ಗದ್ದದ ಬಳಿ ಗವಸು ಸಡಿಲುತ್ತದೆ. ದೋಟಿಯವನು ಗವಸನ್ನು ಕತ್ತೆತ್ತಿಯೇ ಪರೀಕ್ಷಿಸಿಕೊಳ್ಳಬೇಕು. ಅವನ ಕಣ್ಣಿಗೆ ಕನ್ನಡಕವೂ ಬೇಕು. ಸುಣ್ಣ ಬೆರೆತ ದ್ರಾವಣ ಕಣ್ಣಿಗೆ ಒಳ್ಳೆಯದಲ್ಲ.

ಇದ್ದಿಲಿನ ಡಬ್ಬಿಗಳ ವಿಚಾರದಲ್ಲಿ ಗೊಂದಲ ಹೆಚ್ಚು. ಸಕ್ರಿಯಗೊಳಿಸಿದ ಇದ್ದಿಲು ಆವಿಯನ್ನು ಹೀರುತ್ತದೆ. ತೆಂಗಿನ ಕರಟದ ಇದ್ದಿಲು ಇದಕ್ಕೆ ಹೆಸರಾದುದು. ಮೊದಲ ಮಹಾಯುದ್ಧದಲ್ಲಿ ಅಮೆರಿಕದವರು ಅನಿಲಗವಸಿನ ಇದ್ದಿಲಿಗೆಂದು ಕರಟಗಳನ್ನೂ ಹಣ್ಣಿನ ಓಟೆಗಳನ್ನೂ ಸಂಗ್ರಹಿಸಿದ್ದರು. ಆದರೆ ಇದ್ದಿಲು ಕಣವನ್ನು ಹಿಡಿಯುವುದಿಲ್ಲ, ಕಣಶೋಧಕ ಆವಿಯನ್ನು ಹಿಡಿಯುವುದಿಲ್ಲ. ಬೋರ್ಡೋವಿನ ತಾಮ್ರ ಆವಿಯಾಗುವ ವಸ್ತುವಲ್ಲ. ಅದಕ್ಕೆ ಬೇಕಾದುದು ಕಣಶೋಧಕವೊಂದೇ. ‘ಕೆಮಿಕಲ್ ಮಾಸ್ಕ್’ ಎಂದು ಮಾರುವ ಬರಿಯ ಇದ್ದಿಲಿನ ಡಬ್ಬಿ ತೊಟ್ಟು ಬೋರ್ಡೋ ಹೊಡೆಯುವವನು ಹೆಚ್ಚು ಹಣ ತೆತ್ತು ಕಡಿಮೆ ರಕ್ಷಣೆ ಪಡೆಯುತ್ತಾನೆ. ಘಾಟು ವಾಸನೆಯ ಕೀಟನಾಶಕಗಳಿಗೆ ಎರಡೂ ಕೂಡಿದ್ದು ಬೇಕು. ಡಬ್ಬಿಯ ಬಣ್ಣ ನೋಡಿ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಸಾವಯವ ಆವಿಗೆ ಅಮೆರಿಕದ ಪದ್ಧತಿಯಲ್ಲಿ ಕಪ್ಪು ಪಟ್ಟಿ, ಯುರೋಪಿನದರಲ್ಲಿ ಕಂದು. ಬಣ್ಣಕ್ಕಿಂತ ಬರಹವನ್ನು ಓದುವುದು ಕ್ಷೇಮ.

ಯಾವ ಶೋಧಕವೂ ಗಾಳಿಯನ್ನು ಸೃಷ್ಟಿಸುವುದಿಲ್ಲ. ಇರುವ ಗಾಳಿಯನ್ನು ಸೋಸುತ್ತದೆ, ಅಷ್ಟೆ. ಹಾಳುಬಾವಿ, ಗೋಬರ್ ಗ್ಯಾಸಿನ ಗುಂಡಿ, ಶೌಚಗುಂಡಿಗಳಲ್ಲಿ ಆಮ್ಲಜನಕವೇ ಇಲ್ಲದಿರಬಹುದು; ಅಲ್ಲಿಗೆ ಇಂಥ ಗವಸು ತೊಟ್ಟು ಇಳಿದವನು ಬರಿಮುಖದಲ್ಲಿ ಇಳಿದವನಂತೆಯೇ ಸಾಯುತ್ತಾನೆ. ಬಾಗಿಲು ಮುಚ್ಚಿದ ಕೋಣೆಯ ಕೆಂಡದಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡನ್ನೂ ಇದು ತಡೆಯದು. ಹೃದಯದ ಅಥವಾ ಶ್ವಾಸಕೋಶದ ಬೇನೆಯುಳ್ಳವರು ವೈದ್ಯರನ್ನು ಕೇಳಿಯೇ ತೊಡಬೇಕು. ಮಕ್ಕಳ ಅಳತೆಗೆ ಇವುಗಳನ್ನು ಮಾಡುವುದಿಲ್ಲ. ಸಿಂಪರಣೆಯ ದಿನ ಮಕ್ಕಳಿಗೆ ಇರುವ ಗವಸೆಂದರೆ ತೋಟದಿಂದ ದೂರವಿರುವುದು.

ಮಲೆನಾಡಿನ ಮಳೆಗಾಲ ಈ ಸಾಧನದ ದೊಡ್ಡ ವೈರಿ. ತೆರೆದಿಟ್ಟ ಇದ್ದಿಲು ಗಾಳಿಯ ತೇವವನ್ನೇ ಕುಡಿದು ತಣಿಯುತ್ತದೆ. ವಿಷದ ಆವಿ ಬಂದಾಗ ಅದಕ್ಕೆ ಹಸಿವಿರುವುದಿಲ್ಲ. ಕೆಲಸ ಮುಗಿದೊಡನೆ ಶೋಧಕಗಳನ್ನು ಕಳಚಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಬೇಕು. ಬಟ್ಟಲನ್ನು ಮಾತ್ರ ಉಗುರುಬೆಚ್ಚನೆಯ ನೀರು, ಮೆದು ಸಾಬೂನಿನಲ್ಲಿ ತೊಳೆದು ನೆರಳಿನಲ್ಲಿ ಆರಿಸಬೇಕು. ಶೋಧಕಕ್ಕೆ ನೀರು ತಾಗಿಸಬಾರದು. ಕವಾಟದ ತೆಳುರಬ್ಬರಿನ ಎಲೆಯ ಅಡಿಯಲ್ಲಿ ಕೂದಲೋ ಒಣಗಿದ ಸುಣ್ಣವೋ ಸಿಕ್ಕಿದ್ದರೆ ಅದು ಮುಚ್ಚುವುದಿಲ್ಲ, ಒಳಗೆ ಎಳೆದ ಪ್ರತಿಯೊಂದು ಉಸಿರೂ ಅಲ್ಲಿಂದಲೇ ಬರುತ್ತದೆ. ಕೊಟ್ಟಿಗೆಯ ಮೊಳೆಗೆ ನೇತುಹಾಕಿದ ಗವಸಿನಲ್ಲಿ ಹಲ್ಲಿ ಮೊಟ್ಟೆಯಿಡುವುದೂ ಉಂಟು. ಕಣಶೋಧಕವನ್ನು ಉಸಿರಾಟ ಭಾರವೆನಿಸಿದಾಗ, ಹರಿದಾಗ, ನೆನೆದಾಗ ಬದಲಿಸಬೇಕು. ಇದ್ದಿಲಿನದನ್ನು ತಯಾರಕರು ಹೇಳಿದ ಅವಧಿಗೆ ಬದಲಿಸತಕ್ಕದ್ದು. ವಾಸನೆ ಬರುವವರೆಗೆ ಕಾಯುವುದು ಸರಿಯಲ್ಲ, ಕೆಲವು ವಿಷಗಳಿಗೆ ವಾಸನೆಯೇ ಇಲ್ಲ.

ಓದಿಗಾಗಿ ಬೆಂಗಳೂರಿಗೆ ಹೋಗುವ ವಿದ್ಯಾರ್ಥಿಗಳಿಗೂ ಎರಡು ಮಾತು. ಎರಡೂವರೆ ಮೈಕ್ರಾನಿನ ಕಣಗಳಿಗೆ ಭಾರತದ 2009ರ ಮಾನಕ ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15. ಈ ಎರಡು ಅಂಕಿಗಳ ನಡುವಣ ಅಂತರದಲ್ಲಿಯೇ ನಗರದ ಬಹುಪಾಲು ದಿನಗಳು ಕಳೆಯುತ್ತವೆ. ಬಸ್ಸಿನಲ್ಲಿ, ಬೈಕಿನಲ್ಲಿ ಹೋಗುವವರಿಗೆ ಚೆನ್ನಾಗಿ ಕೂರುವ ಎನ್-95 ಸಾಕು. ಅರೆಮುಖ ಗವಸೇ ಬೇಕೆನ್ನುವವರು ಒಂದನ್ನು ತಿಳಿದಿರಲಿ. ಕವಾಟದ ಮೂಲಕ ಹೊರಬರುವ ಉಸಿರು ಸೋಸಿದ್ದಲ್ಲ. ಕವಾಟವಿರುವ ಎನ್-95 ಸೋಂಕು ಹರಡುವುದನ್ನು ತಡೆಯದೆಂದು 2020ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಎಚ್ಚರಿಸಿತ್ತು. ನೆಗಡಿ, ಜ್ವರ ಬಂದವರು ಕವಾಟವಿಲ್ಲದ್ದನ್ನು ಧರಿಸುವುದು ಇತರರಿಗೆ ಉಪಕಾರ.

ಪರಿಸರದ ಚಳವಳಿಯಲ್ಲಿರುವವರು ಗವಸಿನ ಬಗ್ಗೆ ಮಾತನಾಡುವುದು ಸೋಲನ್ನು ಒಪ್ಪಿಕೊಂಡಂತಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. ಕಾಸರಗೋಡಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಆ ಹಳ್ಳಿಗಳಿಗೆ ಯಾವ ಗವಸು ತೊಡಿಸಬಹುದಿತ್ತು? ಬಾವಿಗೂ ಹಸುವಿಗೂ ಗರ್ಭದ ಕೂಸಿಗೂ ಗವಸಿಲ್ಲ. ಅದಕ್ಕೆ ಉತ್ತರವಾದದ್ದು 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ ನಿಷೇಧ. ಹಾಗೆಯೇ ಅಡಿಗೆಮನೆಯ ಹೊಗೆಗೆ ಉತ್ತರ ಗೃಹಿಣಿಯ ಮುಖಗವಸಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ವಿಭಾಗ ರೂಪಿಸಿದಂಥ ಹೊಗೆಗೊಳವೆಯ ಒಲೆ. ಬೂಷ್ಟಿನ ಬೈಹುಲ್ಲಿಗೆ ಉತ್ತರ, ಒಣಗಿಸಿ ಬಣವೆ ಹಾಕುವುದು. ಕಲ್ಲಿನ ಧೂಳಿಗೆ, ನೀರು ಹಾಯಿಸಿ ಕೊರೆಯುವುದು. ಇವೆಲ್ಲ ಆದ ಮೇಲೆಯೂ ಉಳಿಯುವ ಪಾಲಿಗೆ ಗವಸು. ಬೋರ್ಡೋ ಹೊಡೆಯುವವನ ವಿಷಯದಲ್ಲಿ ಆ ಉಳಿದ ಪಾಲೇ ದೊಡ್ಡದು, ಏಕೆಂದರೆ ಮಂಜು ಹುಟ್ಟುವುದೇ ಅವನ ಕೈಯಲ್ಲಿ.

ಅವನಿಗೆ ಗವಸು ಕೊಡುವುದು ದಾನವೂ ಅಲ್ಲ. 1971ರ ಕೀಟನಾಶಕ ನಿಯಮಗಳೇ ವಿಷದ ಧೂಳು, ಆವಿಗಳ ನಡುವೆ ದುಡಿಯುವವರಿಗೆ ರಕ್ಷಣೆಯ ಉಡುಪನ್ನೂ ಶ್ವಾಸರಕ್ಷಕವನ್ನೂ ಹೇಳಿವೆ. ಅದಾಗಿ 46 ವರ್ಷಗಳ ಮೇಲೆ, 2017ರಲ್ಲಿ, ಮಹಾರಾಷ್ಟ್ರದ ಯವತ್ಮಾಳದ ಹತ್ತಿ ಹೊಲಗಳಲ್ಲಿ ಔಷಧಿ ಹೊಡೆದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನೇಕರು ಕೂಲಿಗೆ ಹೊಡೆಯುತ್ತಿದ್ದವರು.

ಮಲೆನಾಡಿನಲ್ಲಿ ಗವಸು ಕೊಂಡ ತೋಟಗಳಲ್ಲಿಯೂ ಒಂದು ದೋಷ ಕಾಣುತ್ತದೆ. ಯಜಮಾನನ ಮುಖಕ್ಕೆ ಹೊಂದುವುದನ್ನು ಒಂದೇ ಒಂದು ತಂದು, ಬಂದವರೆಲ್ಲ ತೊಡಲೆಂದು ಮೊಳೆಗೆ ಹಾಕುತ್ತಾರೆ. ಇನ್ನೊಬ್ಬನ ಬೆವರು, ಉಗುಳಿನ ಬಟ್ಟಲನ್ನು ಕೂಲಿಯವನು ತೊಡಲಾರ, ‘ನನಗೆ ಅಭ್ಯಾಸವಿಲ್ಲ’ ಎನ್ನುತ್ತಾನೆ. ಕೊಟ್ಟರೂ ಹಾಕುವುದಿಲ್ಲ ಎಂಬ ದೂರು ಹುಟ್ಟುವುದು ಇಲ್ಲಿಂದ. ಕೊನೆಗೌಡ ಹತ್ತಾರು ತೋಟಗಳಲ್ಲಿ ದುಡಿಯುವವನು; ಅವನ ಗವಸು ತೋಟಕ್ಕೆ ಸೇರಿದ್ದಾಗಿರದೆ ಅವನಿಗೇ ಸೇರಿದ್ದಾಗಿರಬೇಕು. ಒಳ್ಳೆಯ ಬಟ್ಟಲಿನ ಬೆಲೆ ಸಾವಿರಾರು ರೂಪಾಯಿ. ಅವನ ಕೈಯಲ್ಲಿ ಔಷಧಿ ಹೊಡೆಸುವ ಮನೆಗಳೆಲ್ಲ ಹಂಚಿಕೊಂಡರೆ ಒಂದೊಂದು ಮನೆಗೆ ಬರುವ ಪಾಲು ಒಂದು ದಿನದ ಕೊನೆಗಾರಿಕೆಯ ಕೂಲಿಗಿಂತ ಬಹಳ ಹೆಚ್ಚಾಗದು. ಬದಲಿ ಶೋಧಕಗಳನ್ನು ಊರಿನ ಸಹಕಾರಿ ಸಂಘವೇ ಮೈಲುತುತ್ತದ ಜೊತೆಗೆ ತರಿಸಿಡಬಹುದು.

ಮೊದಲ ಔಷಧಿ ಬೀಳುವುದು ಮುಂಗಾರಿಗೆ ಮುನ್ನ, ಮೇ ಕೊನೆಯ ವಾರದ ಹೊತ್ತಿಗೆ. ಎರಡನೆಯದು ಅಲ್ಲಿಂದ 40-45 ದಿನಗಳಿಗೆ. ಹೊಸ ಗವಸಿಗೆ ಮುಖ ಒಗ್ಗಲು ಕೆಲವು ದಿನ ಬೇಕು. ಆದುದರಿಂದ ಮೇ ಮೊದಲ ವಾರದಲ್ಲಿಯೇ ಮೂರೂ ಅಳತೆಯವನ್ನು ಒಂದೊಂದು ತರಿಸಿ, ಊರಿನ ಔಷಧಿ ಹೊಡೆಯುವವರನ್ನೆಲ್ಲ ಒಂದು ಸಂಜೆ ಕೂಡಿಸಿ, ತೊಡಿಸಿ, ಕತ್ತೆತ್ತಿಸಿ, ಉಸಿರೆಳೆಸಿ ನೋಡಿದ ಮೇಲೆ ಯಾರಿಗೆ ಯಾವುದೆಂದು ಬರೆದುಕೊಂಡು ಕೊಳ್ಳುವುದು ಸೂಕ್ತ. ಡಬ್ಬಿಯ ಮೇಲೆ ಅವರವರ ಹೆಸರನ್ನು ಅಳಿಸದ ಶಾಯಿಯಲ್ಲಿ ಬರೆದಿರಬೇಕು.